ಕಣ್ಣಿನ ಕೆಲಸ ಚರ್ಮಕ್ಕೂ ಕಿವಿಗೂ ಬಂದಾಗ: ಅಂಧರ ಮಿದುಳು ಮತ್ತು ಬದಲಿ ಇಂದ್ರಿಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೃಷ್ಟಿ ಇಲ್ಲದವರು ನಾಲಿಗೆಯಿಂದ ನೋಡುತ್ತಾರೆ, ಕಿವಿಯಿಂದ ಚಿತ್ರ ಗ್ರಹಿಸುತ್ತಾರೆ ಎಂಬ ಸುದ್ದಿಗಳು ಆಗಾಗ ಬರುತ್ತಿರುತ್ತವೆ. ಓದಿದವರಲ್ಲಿ ಕೆಲವರು ಅದನ್ನು ಪವಾಡವೆಂದು ನಂಬಿಬಿಡುತ್ತಾರೆ, ಇನ್ನು ಕೆಲವರು ಉತ್ಪ್ರೇಕ್ಷೆಯೆಂದು ತಳ್ಳಿಹಾಕುತ್ತಾರೆ. ಈ ವಿಷಯದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚಿನ ಗಂಭೀರ ಸಂಶೋಧನೆ ನಡೆದಿದ್ದು, ಅದರಿಂದ ಖಚಿತವಾಗಿ ತಿಳಿದಿರುವುದನ್ನು ಇಲ್ಲಿ ಪ್ರಶ್ನೋತ್ತರ ರೂಪದಲ್ಲಿ ಕೊಟ್ಟಿದ್ದೇನೆ.

ಬದಲಿ ಇಂದ್ರಿಯ ಎಂದರೆ ಏನು?

ಒಂದು ಇಂದ್ರಿಯದ ಮೂಲಕ ಬರಬೇಕಾದ ಮಾಹಿತಿಯನ್ನು ಇನ್ನೊಂದು ಇಂದ್ರಿಯದ ಮೂಲಕ ಮಿದುಳಿಗೆ ತಲುಪಿಸುವ ವಿಧಾನಕ್ಕೆ ಈ ಹೆಸರು. ಇದರ ಸಾಮಾನ್ಯ ಉಪಕರಣದಲ್ಲಿ ಕ್ಯಾಮೆರಾ ಕಣ್ಣಿನ ಜಾಗದಲ್ಲಿರುತ್ತದೆ. ಅದು ಹಿಡಿದ ಚಿತ್ರವನ್ನು ಒಂದು ಕಂಪ್ಯೂಟರ್ ಕಂಪನವಾಗಿ, ಸಣ್ಣ ವಿದ್ಯುತ್ ಸ್ಪಂದನವಾಗಿ ಅಥವಾ ಧ್ವನಿಯಾಗಿ ಮಾರ್ಪಡಿಸುತ್ತದೆ. ಆ ಸಂಕೇತ ಚರ್ಮಕ್ಕೋ ನಾಲಿಗೆಗೋ ಕಿವಿಗೋ ತಲುಪುತ್ತದೆ.

ಉಪಕರಣಗಳು ಹೊಸವಾದರೂ ವಿಚಾರ ಹಳೆಯದು. ಕಣ್ಣಿಗೆ ಸೇರಿದ್ದ ಓದನ್ನು ಬೆರಳ ತುದಿಗೆ ತಂದುಕೊಟ್ಟ ಬ್ರೈಲ್ ಲಿಪಿಯೂ ಇದೇ ವರ್ಗಕ್ಕೆ ಸೇರುತ್ತದೆ. ಲೂಯಿ ಬ್ರೈಲ್ ಅದನ್ನು 1824ರ ಹೊತ್ತಿಗೆ, ಇನ್ನೂ ಹದಿನೈದರ ಹರೆಯದಲ್ಲಿ ರೂಪಿಸಿದ್ದ. ಬಿಳಿ ಕೋಲು ಇನ್ನೂ ಸರಳವಾದ ಬದಲಿ ಇಂದ್ರಿಯ. ಇಂದಿಗೂ ಅತಿ ಹೆಚ್ಚು ಜನರಿಗೆ ಅತಿ ಹೆಚ್ಚು ಉಪಯೋಗವಾಗಿರುವುದು ಈ ಎರಡೇ ಎಂಬುದನ್ನು ಮುಂದಿನ ಉತ್ತರಗಳನ್ನು ಓದುವಾಗ ನೆನಪಿನಲ್ಲಿಡಬೇಕು.

ಕ್ಯಾಮೆರಾ ಬಳಸುವ ಪ್ರಯೋಗ ಹೇಗೆ ಆರಂಭವಾಯಿತು?

ಅಮೆರಿಕದ ನರವಿಜ್ಞಾನಿ ಪಾಲ್ ಬಾಕ್-ಇ-ರೀಟಾ ಅವರಿಂದ. ಅವರ ತಂದೆ ಪೆಡ್ರೊ ಪಾರ್ಶ್ವವಾಯುವಿಗೆ ತುತ್ತಾಗಿ ಮಾತು ಮತ್ತು ನಡಿಗೆ ಎರಡನ್ನೂ ಕಳೆದುಕೊಂಡಿದ್ದರು. ಇನ್ನೊಬ್ಬ ಮಗ ಜಾರ್ಜ್, ಎಳೆ ಮಗುವಿಗೆ ಕಲಿಸುವಂತೆ ತಂದೆಗೆ ಮೊದಲು ತೆವಳುವುದನ್ನು ಕಲಿಸಿ, ಅಲ್ಲಿಂದ ಮೆಲ್ಲಮೆಲ್ಲನೆ ಮುಂದಕ್ಕೆ ಕರೆದೊಯ್ದರು. ಪೆಡ್ರೊ ಮತ್ತೆ ಪಾಠ ಹೇಳುವಷ್ಟು, ಬೆಟ್ಟ ಹತ್ತುವಷ್ಟು ಚೇತರಿಸಿಕೊಂಡರು. ಅವರು ತೀರಿಕೊಂಡ ಮೇಲೆ ನಡೆದ ಪರೀಕ್ಷೆಯಲ್ಲಿ, ಮಿದುಳಿನ ಕಾಂಡಕ್ಕೆ ಆಗಿದ್ದ ದೊಡ್ಡ ಪೆಟ್ಟು ಗುಣವಾಗದೆ ಹಾಗೆಯೇ ಉಳಿದಿತ್ತೆಂದು ತಿಳಿದುಬಂತು. ಅಂದರೆ ಕೆಡದೆ ಉಳಿದ ಭಾಗಗಳೇ ಕೆಲಸವನ್ನು ವಹಿಸಿಕೊಂಡಿದ್ದವು. ಬೆಳೆದ ಮಿದುಳು ಬದಲಾಗದು ಎಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ಪಾಲ್ ಅವರ ಯೋಚನೆಯನ್ನು ಗಟ್ಟಿಗೊಳಿಸಿದ್ದು ಮನೆಯಲ್ಲೇ ಕಂಡ ಈ ಸಂಗತಿ.

1969ರಲ್ಲಿ ಅವರು ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ವಿಚಿತ್ರ ಕುರ್ಚಿಯ ಬಗ್ಗೆ ಬರೆದರು. ದಂತವೈದ್ಯರ ಹಳೆಯ ಕುರ್ಚಿಯೊಂದರ ಬೆನ್ನಿಗೆ 20 ಸಾಲು, ಸಾಲಿಗೆ 20ರಂತೆ 400 ಕಂಪನ ಮೊನೆಗಳನ್ನು ಅಳವಡಿಸಲಾಗಿತ್ತು. ಪಕ್ಕದಲ್ಲಿ ದೊಡ್ಡ ಟೆಲಿವಿಷನ್ ಕ್ಯಾಮೆರಾ. ಕ್ಯಾಮೆರಾದ ಎದುರು ಒಂದು ಟೆಲಿಫೋನ್ ಇಟ್ಟರೆ ಅದರ ಆಕಾರ, ಕುಳಿತವರ ಬೆನ್ನಿನ ಮೇಲೆ ಕಂಪನದ ಚುಕ್ಕಿಗಳಾಗಿ ಮೂಡುತ್ತಿತ್ತು. ಹುಟ್ಟಿನಿಂದ ದೃಷ್ಟಿ ಇಲ್ಲದವರೂ ಹಲವು ಗಂಟೆಗಳ ಅಭ್ಯಾಸದ ನಂತರ ವಸ್ತುಗಳನ್ನು ಗುರುತಿಸಿದರು, ಒಂದರ ಹಿಂದೆ ಇನ್ನೊಂದು ವಸ್ತು ಅರ್ಧ ಮರೆಯಾಗಿದ್ದರೆ ಅದನ್ನೂ ಹೇಳಬಲ್ಲವರಾದರು.

ಬೆನ್ನಿನ ಮೇಲಾಗುವ ಕಂಪನ ಎದುರಿಗಿರುವ ವಸ್ತುವಾಗಿ ತಿಳಿಯುವುದು ಹೇಗೆ ಸಾಧ್ಯ?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಬೇರೊಬ್ಬರು ಕ್ಯಾಮೆರಾವನ್ನು ತಿರುಗಿಸುತ್ತಿದ್ದಾಗ ಕುರ್ಚಿಯಲ್ಲಿ ಕುಳಿತವರಿಗೆ ತಿಳಿಯುತ್ತಿದ್ದದ್ದು ಬೆನ್ನಿನ ಮೇಲಿನ ಕಚಗುಳಿ ಮಾತ್ರ. ಕ್ಯಾಮೆರಾದ ಹಿಡಿಕೆಯನ್ನು ಅವರ ಕೈಗೇ ಕೊಟ್ಟಾಗ ಸ್ಥಿತಿ ಬದಲಾಯಿತು. ತಾನು ಎಡಕ್ಕೆ ತಿರುಗಿಸಿದರೆ ಚಿತ್ರ ಬಲಕ್ಕೆ ಸರಿಯುತ್ತದೆ, ಹತ್ತಿರಕ್ಕೆ ಒಯ್ದರೆ ಹಿಗ್ಗುತ್ತದೆ, ಬದಿಯಿಂದ ನೋಡಿದರೆ ಆಕಾರ ಬದಲಾಗುತ್ತದೆ ಎಂಬ ನಿಯಮಗಳು ಅಭ್ಯಾಸದಿಂದ ಮೈಗೂಡಿದಂತೆ ಬೆನ್ನಿನ ಕಂಪನ ಗಮನದಿಂದ ಜಾರಿ, ವಸ್ತು ಹೊರಗೆ, ಎದುರಿಗೆ ಇದೆ ಎಂಬ ಅರಿವು ಮೂಡತೊಡಗಿತು. ಒಮ್ಮೆ ಪ್ರಯೋಗ ನಡೆಸುವವರು ಮುನ್ಸೂಚನೆ ಕೊಡದೆ ಲೆನ್ಸನ್ನು ಜೂಮ್ ಮಾಡಿದಾಗ, ಚಿತ್ರ ದಿಢೀರನೆ ಹಿಗ್ಗಿ, ಕುಳಿತವರು ಕೈ ಅಡ್ಡ ಹಿಡಿದು ಹಿಂದಕ್ಕೆ ಬಾಗಿದರು. ಕಂಪನವಾಗುತ್ತಿದ್ದದ್ದು ಬೆನ್ನಿನ ಮೇಲೆ. ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದಾದರೆ ಅವರು ಮುಂದಕ್ಕೆ ಸರಿಯಬೇಕಿತ್ತು. ಕಂಪನದ ಫಲಕವನ್ನು ಬೆನ್ನಿನಿಂದ ತೆಗೆದು ಹೊಟ್ಟೆಗೆ ಕಟ್ಟಿದಾಗಲೂ ಕಲಿತದ್ದು ಹೋಗಲಿಲ್ಲ. ಫಲಕದ ಕೆಳಗೆ ತುರಿಕೆಯಾದರೆ ಅದನ್ನು ಚಿತ್ರದೊಂದಿಗೆ ಬೆರೆಸಿಕೊಳ್ಳದೆ ಕೆರೆದುಕೊಳ್ಳುತ್ತಿದ್ದರು.

ಬಿಳಿ ಕೋಲು ಹಿಡಿದು ನಡೆಯುವವರಿಗೆ ಇದು ಹೊಸದೇನಲ್ಲ. ಕೋಲು ಒತ್ತುವುದು ಅಂಗೈಯನ್ನು. ಅರಿವಿಗೆ ಬರುವುದು ಕೋಲಿನ ತುದಿಯಲ್ಲಿರುವ ಕಲ್ಲು, ಮೆಟ್ಟಿಲು, ಹುಲ್ಲು. ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ 1637ರಲ್ಲಿಯೇ ಬೆಳಕನ್ನು ವಿವರಿಸಲು ಅಂಧನ ಕೋಲಿನ ಉದಾಹರಣೆ ಕೊಟ್ಟಿದ್ದ. ಮಿದುಳು ಹುಡುಕುವುದು ಸಂಕೇತ ಯಾವ ಬಾಗಿಲಿನಿಂದ ಬಂತೆಂಬುದಕ್ಕಿಂತ ಹೆಚ್ಚಾಗಿ, ತನ್ನ ದೇಹದ ಚಲನೆಗೂ ಸಂಕೇತದ ಬದಲಾವಣೆಗೂ ಇರುವ ನಂಟನ್ನು. ಹಾಗಾಗಿ ಕಲಿಯುವವರ ಕೈಯಲ್ಲೇ ಕ್ಯಾಮೆರಾ ಇಲ್ಲದ, ಕುಳಿತು ಕೇಳಿಸಿಕೊಳ್ಳುವುದಷ್ಟೇ ಇರುವ ತರಬೇತಿಯಿಂದ ಫಲ ಕಡಿಮೆ.

ನಾಲಿಗೆಯನ್ನು ಆಯ್ದುಕೊಂಡದ್ದು ಏಕೆ?

ಬೆನ್ನಿನ ಚರ್ಮದ ಸ್ಪರ್ಶ ಒರಟು, ಕುರ್ಚಿಯೋ ಹೊತ್ತು ನಡೆಯಲಾಗದ ವಸ್ತು. ನಾಲಿಗೆಯಲ್ಲಿ ಸ್ಪರ್ಶದ ನರತುದಿಗಳು ದಟ್ಟವಾಗಿವೆ, ಮೇಲೆ ಗಟ್ಟಿಯಾದ ಹೊರಪದರವಿಲ್ಲ, ಜೊಲ್ಲು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಆದ್ದರಿಂದ ಅತಿ ಕಡಿಮೆ ವೋಲ್ಟೇಜ್ ಸಾಕಾಗುತ್ತದೆ. 1998ರ ಹೊತ್ತಿಗೆ ಬಾಕ್-ಇ-ರೀಟಾ ಮತ್ತು ಕರ್ಟ್ ಕಜ್ಮರೆಕ್ ತಂಡ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನಾಲಿಗೆಯ ಮೇಲಿಡುವ ಫಲಕವನ್ನು ಪರೀಕ್ಷಿಸಿತು. ಅದರಿಂದ ಬೆಳೆದ ಬ್ರೈನ್‌ಪೋರ್ಟ್ ಎಂಬ ಉಪಕರಣಕ್ಕೆ 2015ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆಯಿತು. ಸೋಡಾದ ಗುಳ್ಳೆಗಳು ನಾಲಿಗೆಯ ಮೇಲೆ ಒಡೆದಂತೆ ಅನಿಸುತ್ತದೆ ಎಂದು ಬಳಸಿದವರು ಹೇಳುತ್ತಾರೆ.

ಧ್ವನಿಯಿಂದ ಚಿತ್ರವನ್ನು ತಿಳಿಸುವುದು ಹೇಗೆ?

ನೆದರ್‌ಲೆಂಡ್ಸ್‌ನ ಎಂಜಿನಿಯರ್ ಪೀಟರ್ ಮೈಯರ್ 1992ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವಂಥದ್ದು. ಅದರ ಹೆಸರು ‘ದಿ ವಾಯ್ಸ್’. ಕ್ಯಾಮೆರಾದ ಚಿತ್ರವನ್ನು ಅದು ಸುಮಾರು ಒಂದು ಸೆಕೆಂಡಿನಲ್ಲಿ ಎಡದಿಂದ ಬಲಕ್ಕೆ ಓದುತ್ತದೆ. ಚಿತ್ರದಲ್ಲಿ ಮೇಲಿರುವುದಕ್ಕೆ ತಾರ ಸ್ವರ, ಕೆಳಗಿರುವುದಕ್ಕೆ ಮಂದ್ರ. ಬೆಳಕು ಹೆಚ್ಚಿದ್ದಲ್ಲಿ ಧ್ವನಿ ಜೋರು, ಕತ್ತಲಿದ್ದಲ್ಲಿ ಮೌನ. ಎಡಗೆಳಗಿನಿಂದ ಬಲಮೇಲಕ್ಕೆ ಏರುವ ಬಿಳಿ ಗೆರೆ ಮಂದ್ರದಿಂದ ತಾರಕ್ಕೆ ಜಾರುತ್ತ ಏರುವ ಸ್ವರವಾಗಿ ಕೇಳುತ್ತದೆ. ಪಕ್ಕಪಕ್ಕದಲ್ಲಿ ನಿಂತ ಕಂಬಗಳ ಬೇಲಿ, ತಾಳ ಹಾಕಿದಂತೆ ಬಿಟ್ಟು ಬಿಟ್ಟು ಬರುವ ದಟ್ಟ ಸದ್ದಾಗುತ್ತದೆ.

ಮೊದಲ ಬಾರಿ ಕೇಳಿದವರಿಗೆ ಇದು ಕರ್ಕಶ ಗದ್ದಲ. ನಿಯಮವನ್ನು ಒಂದು ನಿಮಿಷದಲ್ಲಿ ಹೇಳಿ ಮುಗಿಸಬಹುದು, ಆದರೆ ಕೇಳಿದ ಕೂಡಲೇ ಅರ್ಥವಾಗುವ ಹಂತಕ್ಕೆ ಬರಲು ಹತ್ತಾರು ಗಂಟೆಗಳ ತರಬೇತಿ ಬೇಕು. ಅಷ್ಟು ತರಬೇತಿ ಪಡೆದ, ಹುಟ್ಟಿನಿಂದ ದೃಷ್ಟಿ ಇಲ್ಲದವರನ್ನು ಎಲ್ಲಾ ಸ್ಟ್ರೀಮ್-ಅಮಿತ್, ಅಮೀರ್ ಅಮೆದಿ ಮತ್ತು ಸಂಗಡಿಗರು ಕಣ್ಣಿನ ವೈದ್ಯರು ಬಳಸುವ ಬಗೆಯ ಅಕ್ಷರ ಪರೀಕ್ಷೆಗೆ ಒಡ್ಡಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲವರು ಧ್ವನಿಯ ಮೂಲಕ ತೋರಿದ ಸೂಕ್ಷ್ಮತೆ, ವಿಶ್ವ ಆರೋಗ್ಯ ಸಂಸ್ಥೆ ಅಂಧತ್ವಕ್ಕೆ ಗೊತ್ತುಪಡಿಸಿದ ಗೆರೆಯನ್ನು ದಾಟಿತ್ತು. ಆದರೆ ಇದು ಸಮಯ ತೆಗೆದುಕೊಂಡು, ನಿಂತ ಅಕ್ಷರವನ್ನು ಪರಿಶೀಲಿಸಿದಾಗಿನ ಸಾಧನೆ. ವಾಹನಗಳು ಓಡಾಡುವ ರಸ್ತೆಯನ್ನು ದಾಟುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಕಣ್ಣಿನಿಂದ ಏನೂ ಬಾರದಿದ್ದರೆ ಮಿದುಳಿನ ದೃಷ್ಟಿ ಪ್ರದೇಶ ಸುಮ್ಮನೆ ಬಿದ್ದಿರುತ್ತದೆಯೇ?

ಇಲ್ಲ. ತಲೆಯ ಹಿಂಭಾಗದಲ್ಲಿರುವ ಈ ಪ್ರದೇಶ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರಲ್ಲಿಯೂ ಗ್ಲೂಕೋಸನ್ನು ಚೆನ್ನಾಗಿ ಬಳಸುತ್ತಿರುತ್ತದೆ ಎಂದು 1980ರ ದಶಕದ ಸ್ಕ್ಯಾನ್‌ಗಳೇ ತೋರಿಸಿದ್ದವು. ಏನು ಮಾಡುತ್ತಿರಬಹುದು ಎಂಬ ಪ್ರಶ್ನೆಗೆ ಮೊದಲ ಸ್ಪಷ್ಟ ಸುಳಿವು ಸಿಕ್ಕಿದ್ದು 1996ರಲ್ಲಿ. ನೋರಿಹಿರೊ ಸಡಾಟೊ ಮತ್ತು ಸಂಗಡಿಗರು ಬ್ರೈಲ್ ಓದುತ್ತಿರುವ ಅಂಧರ ಪೆಟ್ ಸ್ಕ್ಯಾನ್ ತೆಗೆದಾಗ, ಕಣ್ಣಿನ ಸಂಕೇತಗಳು ಮೊತ್ತಮೊದಲು ತಲುಪುವ ಪ್ರಾಥಮಿಕ ದೃಷ್ಟಿ ಪ್ರದೇಶವೇ ಸಕ್ರಿಯವಾಗಿತ್ತು. ಓದುತ್ತಿದ್ದದ್ದು ಬೆರಳು, ದುಡಿಯುತ್ತಿದ್ದದ್ದು ನೋಡುವ ಮಿದುಳು.

ಸ್ಕ್ಯಾನ್‌ನಲ್ಲಿ ಸಕ್ರಿಯವಾಗಿ ಕಂಡ ಮಾತ್ರಕ್ಕೆ ಆ ಭಾಗ ನಿಜವಾಗಿ ಕೆಲಸ ಮಾಡುತ್ತಿದೆ ಎನ್ನಬಹುದೇ?

ಹೇಳಲಾಗದು. ಯಾವುದೋ ಪ್ರತಿಧ್ವನಿಯಾಗಿ, ಉಪಯೋಗವಿಲ್ಲದೆಯೂ ಒಂದು ಭಾಗ ಸಕ್ರಿಯವಾಗಬಹುದು. ಆ ಭಾಗದ ಕೆಲಸಕ್ಕೆ ಅಡ್ಡಿಪಡಿಸಿ ಏನಾಗುತ್ತದೆ ಎಂದು ನೋಡಿದರೆ ಮಾತ್ರ ನಂಬಬಹುದು.

ಆ ಪರೀಕ್ಷೆ 1997ರಲ್ಲಿ ನಡೆಯಿತು. ತಲೆಯ ಹೊರಗಿನಿಂದ ಕಾಂತೀಯ ಮಿಡಿತ ಕೊಟ್ಟು ಮಿದುಳಿನ ಒಂದು ಸಣ್ಣ ಭಾಗವನ್ನು ಕ್ಷಣಕಾಲ ಗೊಂದಲಗೊಳಿಸುವ ತಂತ್ರವನ್ನು ಲಿಯೊನಾರ್ಡೊ ಕೋಹೆನ್ ಮತ್ತು ಸಂಗಡಿಗರು ಬಳಸಿದರು. ದೃಷ್ಟಿ ಪ್ರದೇಶಕ್ಕೆ ಮಿಡಿತ ಕೊಟ್ಟಾಗ, ಎಳವೆಯಿಂದ ಅಂಧರಾದವರು ಬ್ರೈಲ್ ಓದುವುದರಲ್ಲಿ ತಪ್ಪತೊಡಗಿದರು. ಚುಕ್ಕಿಗಳು ಮಾಯವಾದವು ಎಂದರು ಕೆಲವರು, ಇಲ್ಲದ ಚುಕ್ಕಿಗಳು ಬೆರಳಿಗೆ ಸಿಕ್ಕವು ಎಂದರು ಇನ್ನು ಕೆಲವರು. ಕಣ್ಣು ಕಾಣುವವರು ಉಬ್ಬು ಅಕ್ಷರಗಳನ್ನು ಮುಟ್ಟಿ ಓದುವಾಗ ಅದೇ ಮಿಡಿತ ಕೊಟ್ಟರೆ ಇಂಥ ತೊಂದರೆಯಾಗಲಿಲ್ಲ.

ಪ್ರಯೋಗಾಲಯದ ಹೊರಗೆ ವಿಧಿಯೇ ನಡೆಸಿದಂಥ ಇನ್ನೊಂದು ಪರೀಕ್ಷೆ 2000ದಲ್ಲಿ ವರದಿಯಾಯಿತು. ಹುಟ್ಟಿನಿಂದ ದೃಷ್ಟಿ ಇಲ್ಲದ, ಬ್ರೈಲ್ ಓದಿನಲ್ಲಿ ನುರಿತ ಮಹಿಳೆಯೊಬ್ಬರಿಗೆ ಮಿದುಳಿನ ಹಿಂಭಾಗದ ಎರಡೂ ಕಡೆ ಪಾರ್ಶ್ವವಾಯುವಿನ ಪೆಟ್ಟಾಯಿತು. ಸ್ಪರ್ಶ ಶಕ್ತಿ ಉಳಿದಿತ್ತು, ವಸ್ತುಗಳನ್ನು ಮುಟ್ಟಿ ಗುರುತಿಸುತ್ತಿದ್ದರು, ಮಾತು ಸ್ಪಷ್ಟವಾಗಿತ್ತು. ಬ್ರೈಲ್ ಮಾತ್ರ ಓದಲಾಗಲಿಲ್ಲ. ಎಂದೂ ನೋಡಿರದ ಮಿದುಳಿನ ‘ನೋಡುವ’ ಭಾಗಕ್ಕೆ ಪೆಟ್ಟು ಬಿದ್ದು ಬೆರಳಿನ ಓದು ನಿಂತುಹೋಯಿತು ಎಂಬುದನ್ನು ಓದಿದಾಗಲೆಲ್ಲ, ಆ ಓದುಗರ ನಷ್ಟ ನೆನೆದು ನನಗೆ ನೋವಾಗುತ್ತದೆ. ಈ ಕ್ಷೇತ್ರದಲ್ಲಿ ಇದಕ್ಕಿಂತ ಬಲವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಬದಲಿ ಇಂದ್ರಿಯ ಉಪಕರಣಗಳ ವಿಷಯದಲ್ಲಿಯೂ ಸಾಕ್ಷ್ಯ ಇದೇ ದಿಕ್ಕಿನಲ್ಲಿದೆ. ನಾಲಿಗೆಯ ಫಲಕದಲ್ಲಿ ತರಬೇತಿ ಪಡೆದ ಅಂಧರ ದೃಷ್ಟಿ ಪ್ರದೇಶಕ್ಕೆ ರಾನ್ ಕುಪರ್ಸ್, ಮೋರಿಸ್ ಪ್ಟಿಟೊ ಮತ್ತು ಸಂಗಡಿಗರು ಕಾಂತೀಯ ಮಿಡಿತ ಕೊಟ್ಟಾಗ, ಅವರಲ್ಲಿ ಕೆಲವರಿಗೆ ನಾಲಿಗೆಯ ಮೇಲೆ ಜುಮುಗುಟ್ಟುವಿಕೆ ಅನುಭವವಾಯಿತು. 2006ರಲ್ಲಿ ಇದು ಪ್ರಕಟವಾಯಿತು. ಮಿಡಿತ ಬಿದ್ದದ್ದು ತಲೆಯ ಹಿಂದೆ, ಜುಮುಗುಟ್ಟಿದ್ದು ನಾಲಿಗೆ.

ಹಾಗಾದರೆ ಮಿದುಳಿನಲ್ಲಿ ಹೊಸ ನರಮಾರ್ಗಗಳು ಬೆಳೆಯುತ್ತವೆಯೇ?

ಹೀಗೆ ಊಹಿಸುವುದು ಸಹಜ, ಆದರೆ ಎಲ್ಲ ಬದಲಾವಣೆಯನ್ನೂ ಇದರಿಂದ ವಿವರಿಸಲಾಗದು. ಬದಲಾವಣೆಯ ವೇಗವೇ ಅದಕ್ಕೆ ಒಪ್ಪುವುದಿಲ್ಲ. ಅಲ್ವಾರೊ ಪಾಸ್ಕುವಲ್-ಲಿಯೋನ್, ಲೊಟ್ಫಿ ಮೆರಾಬೆಟ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣು ಚೆನ್ನಾಗಿ ಕಾಣುವ ಸ್ವಯಂಸೇವಕರು ಐದು ದಿನ ಹಗಲು ರಾತ್ರಿ ಬೆಳಕೇ ತಾಗದಂತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬ್ರೈಲ್ ಕಲಿತರು. ಐದನೆಯ ದಿನದ ಹೊತ್ತಿಗೆ ಸ್ಪರ್ಶಕ್ಕೆ ಅವರ ದೃಷ್ಟಿ ಪ್ರದೇಶ ಪ್ರತಿಕ್ರಿಯಿಸತೊಡಗಿತ್ತು. ಪಟ್ಟಿ ಕಟ್ಟದೆ ಅದೇ ಪಾಠ ಕಲಿತವರಿಗಿಂತ ಅವರು ಚುಕ್ಕಿಗಳನ್ನು ಚೆನ್ನಾಗಿ ಬೇರ್ಪಡಿಸುತ್ತಿದ್ದರು. ಪಟ್ಟಿ ಬಿಚ್ಚಿದ ಒಂದು ದಿನದೊಳಗೆ ಆ ಪ್ರತಿಕ್ರಿಯೆ ಇಲ್ಲವಾಯಿತು. ದೂರದ ನರಮಾರ್ಗಗಳು ಐದು ದಿನದಲ್ಲಿ ಬೆಳೆದು ಒಂದು ದಿನದಲ್ಲಿ ಅಳಿಯುವುದಿಲ್ಲ. ಕಿವಿ ಮತ್ತು ಸ್ಪರ್ಶದ ಪ್ರದೇಶಗಳಿಂದ ದೃಷ್ಟಿ ಪ್ರದೇಶಕ್ಕೆ ಮೊದಲಿನಿಂದಲೂ ಸಣ್ಣ ದಾರಿಗಳಿವೆ, ಕಣ್ಣಿನ ಪ್ರಬಲ ಸಂಕೇತ ಅವನ್ನು ಅದುಮಿಟ್ಟಿರುತ್ತದೆ, ಅದು ನಿಂತಾಗ ಅವು ಮೇಲೆ ಬರುತ್ತವೆ ಎಂಬುದೇ ಇದಕ್ಕೆ ಸಮಂಜಸವಾದ ವಿವರಣೆ. ಕೋತಿಗಳಲ್ಲಿ ಅಂಥ ದಾರಿಗಳನ್ನು 2002ರಲ್ಲಿ ನೇರವಾಗಿಯೇ ಗುರುತಿಸಲಾಗಿದೆ.

ಈ ಹಿನ್ನೆಲೆಯಲ್ಲಿಯೇ ತಮರ್ ಮಾಕಿನ್ ಮತ್ತು ಜಾನ್ ಕ್ರಾಕವರ್ 2023ರಲ್ಲಿ, ‘ಮಿದುಳು ತನ್ನನ್ನು ಮರುಜೋಡಿಸಿಕೊಳ್ಳುತ್ತದೆ’ ಎಂಬ ಜನಪ್ರಿಯ ಮಾತನ್ನೇ ಪ್ರಶ್ನಿಸಿದರು. ಮಿದುಳಿನ ಒಂದು ಭಾಗ ತನಗೆ ಸಂಬಂಧವೇ ಇಲ್ಲದ ಹೊಸ ಕೆಲಸವನ್ನು ವಹಿಸಿಕೊಂಡಿತು ಎನ್ನಲು ಆಧಾರ ಸಾಲದು, ಮೊದಲೇ ಇದ್ದ ಸಾಮರ್ಥ್ಯ ಕಲಿಕೆಯಿಂದ ಬಲಗೊಂಡಿದೆ ಎನ್ನುವುದೇ ಸರಿ ಎಂಬುದು ಅವರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ. ಐದು ದಿನಗಳ ಪ್ರಯೋಗವನ್ನು ನೋಡಿದರೆ ಅವರ ಮಾತಿನಲ್ಲಿ ತೂಕವಿದೆ ಎಂದೇ ನನಗೆ ಅನಿಸುತ್ತದೆ. ಆದರೆ ಹುಟ್ಟಿನಿಂದ ದೃಷ್ಟಿ ಇಲ್ಲದವರಲ್ಲಿ ವರ್ಷಗಟ್ಟಲೆ ನಡೆದ ಬೆಳವಣಿಗೆಯನ್ನು ಐದು ದಿನದ ಪಟ್ಟಿಯಿಂದ ಅಳೆಯಲಾಗದು.

ದೃಷ್ಟಿ ಪ್ರದೇಶದ ಬೇರೆ ಬೇರೆ ಭಾಗಗಳು ಅಂಧರಲ್ಲಿ ಯಾವ ಕೆಲಸ ಮಾಡುತ್ತವೆ?

ಕಣ್ಣು ಕಾಣುವವರಲ್ಲಿ ಈ ಪ್ರದೇಶದೊಳಗೆ ಕೆಲಸದ ಹಂಚಿಕೆಯಿದೆ: ಒಂದು ಕಡೆ ಆಕಾರ, ಇನ್ನೊಂದು ಕಡೆ ಚಲನೆ, ಮತ್ತೊಂದು ಕಡೆ ಅಕ್ಷರ. ಈ ಹಂಚಿಕೆ ಅಂಧರಲ್ಲಿಯೂ ಬಹುಮಟ್ಟಿಗೆ ಉಳಿದಿರುತ್ತದೆ ಎಂಬುದು ಕಳೆದ ಎರಡು ದಶಕಗಳ ದೊಡ್ಡ ಶೋಧ. ಓದುವಾಗ ಪದಗಳ ರೂಪವನ್ನು ಹಿಡಿಯುವ, ಮಿದುಳಿನ ಎಡಭಾಗದ ಒಂದು ನಿರ್ದಿಷ್ಟ ತಾಣ ಹುಟ್ಟಿನಿಂದ ಅಂಧರಾದವರು ಬ್ರೈಲ್ ಓದುವಾಗಲೂ ಸಕ್ರಿಯವಾಗುತ್ತದೆ ಎಂದು 2011ರಲ್ಲಿ ತಿಳಿಯಿತು. ‘ದಿ ವಾಯ್ಸ್’ ಮೂಲಕ ಮುದ್ರಿತ ಅಕ್ಷರಗಳನ್ನು ಧ್ವನಿಯಾಗಿ ಓದಲು ಕಲಿತವರಲ್ಲಿಯೂ ಅದೇ ತಾಣ ಕೆಲಸ ಮಾಡಿದ್ದನ್ನು 2012ರಲ್ಲಿ ತೋರಿಸಲಾಯಿತು. ವಸ್ತುವಿನ ಆಕಾರವನ್ನು ಧ್ವನಿಯಿಂದ ತಿಳಿಯಲು ಕಲಿತವರಲ್ಲಿ, ಕಣ್ಣು ಮತ್ತು ಕೈ ಎರಡರಿಂದಲೂ ಆಕಾರ ತಿಳಿಯುವ ಭಾಗ ಎಚ್ಚೆತ್ತಿತು; ಅದೇ ಧ್ವನಿಗಳನ್ನು ಆಕಾರದ ನಿಯಮ ಹೇಳಿಕೊಡದೆ, ಇದು ಈ ವಸ್ತುವಿನ ಸದ್ದು ಎಂದು ಬಾಯಿಪಾಠ ಮಾಡಿಸಿದವರಲ್ಲಿ ಎಚ್ಚೆತ್ತುಕೊಳ್ಳಲಿಲ್ಲ. ಈ ಭಾಗಗಳನ್ನು ಕಣ್ಣಿನ ಸ್ವತ್ತು ಎನ್ನುವುದಕ್ಕಿಂತ, ಆಕಾರ ಹಿಡಿಯುವ ಭಾಗ, ಅಕ್ಷರ ಹಿಡಿಯುವ ಭಾಗ ಎಂದು ಕೆಲಸದಿಂದ ಕರೆಯುವುದು ಮೇಲು.

ಇದಕ್ಕೆ ಸುಲಭವಾಗಿ ಹೊಂದದ ಒಂದು ಸಂಗತಿಯೂ ಇದೆ. ಹುಟ್ಟಿನಿಂದ ಅಂಧರಾದವರಲ್ಲಿ ದೃಷ್ಟಿ ಪ್ರದೇಶದ ಕೆಲವು ಭಾಗಗಳು ಮಾತಿನ ವ್ಯಾಕರಣಕ್ಕೆ, ಪದಗಳ ಅರ್ಥಕ್ಕೆ, ನೆನಪಿಗೆ ಪ್ರತಿಕ್ರಿಯಿಸುತ್ತವೆ. 2003ರ ಒಂದು ಅಧ್ಯಯನದಲ್ಲಿ, ಪದಗಳನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುವ ಅಂಧರಲ್ಲಿ ಪ್ರಾಥಮಿಕ ದೃಷ್ಟಿ ಪ್ರದೇಶದ ಚಟುವಟಿಕೆ ಹೆಚ್ಚಾಗಿತ್ತು. ಮರೀನಾ ಬೆಡ್ನಿ ಮತ್ತು ಸಂಗಡಿಗರು 2011ರಿಂದ ಇದನ್ನು ವಿವರವಾಗಿ ತೋರಿಸುತ್ತ ಬಂದಿದ್ದಾರೆ. ಆಕಾರಕ್ಕೂ ವ್ಯಾಕರಣಕ್ಕೂ ಏನು ನಂಟು ಎಂಬುದು ಇಂದು ಈ ಕ್ಷೇತ್ರದ ಅತಿ ಜಟಿಲ ಪ್ರಶ್ನೆ.

ಹುಟ್ಟಿನಿಂದ ದೃಷ್ಟಿ ಇಲ್ಲದವರಿಗೂ ನಂತರ ಕಳೆದುಕೊಂಡವರಿಗೂ ವ್ಯತ್ಯಾಸವಿದೆಯೇ?

ಇದೆ. ಕಾಂತೀಯ ಮಿಡಿತ ಮತ್ತು ಸ್ಕ್ಯಾನ್ ಅಧ್ಯಯನಗಳು 14ರಿಂದ 16 ವರ್ಷದ ಆಸುಪಾಸಿನಲ್ಲಿ ಒಂದು ಗಡಿಯನ್ನು ಸೂಚಿಸುತ್ತವೆ. ಅದಕ್ಕೂ ಮೊದಲು ದೃಷ್ಟಿ ಹೋದವರಲ್ಲಿ ಬ್ರೈಲ್ ಓದಿಗೆ ಪ್ರಾಥಮಿಕ ದೃಷ್ಟಿ ಪ್ರದೇಶ ಹೆಚ್ಚು ನೆರವಾಗುತ್ತದೆ. ಆದರೆ ಗಡಿಯ ಆಚೆ ಕಲಿಕೆಯೇ ಇಲ್ಲವೆಂದು ತಿಳಿಯಬಾರದು. ಬೆಳೆದ ಮೇಲೆ ದೃಷ್ಟಿ ಕಳೆದುಕೊಂಡು ‘ದಿ ವಾಯ್ಸ್’ ಬಳಕೆಯಲ್ಲಿ ಪಳಗಿದ ಒಬ್ಬರ ದೃಷ್ಟಿ ಪ್ರದೇಶಕ್ಕೆ ಮಿಡಿತ ಕೊಟ್ಟಾಗ, ಧ್ವನಿಯಿಂದ ವಸ್ತು ಗುರುತಿಸುವ ಅವರ ಸಾಮರ್ಥ್ಯ ಕುಗ್ಗಿತು ಎಂದು 2009ರ ವರದಿಯೊಂದು ಹೇಳುತ್ತದೆ.

ಉಪಕರಣ ಬಳಸುವವರಿಗೆ ನಿಜವಾಗಿ ‘ಕಾಣುತ್ತದೆಯೇ’?

ಹಿಂದೆ ನೋಡಿದ ನೆನಪಿರುವ ಕೆಲವರು, ವರ್ಷಗಳ ಬಳಕೆಯ ನಂತರ ಧ್ವನಿ ಕೇಳಿದಾಗ ಆಕಾರ, ಆಳ, ಕೆಲವೊಮ್ಮೆ ಬೆಳಕಿನಂಥ ಅನುಭವ ತಾನಾಗಿ ಮೂಡುತ್ತದೆ ಎಂದಿದ್ದಾರೆ. ಇಬ್ಬರ ಇಂಥ ವಿವರಣೆಗಳನ್ನು ಜೇಮಿ ವಾರ್ಡ್ ಮತ್ತು ಪೀಟರ್ ಮೈಯರ್ 2010ರಲ್ಲಿ ಪ್ರಕಟಿಸಿದ್ದಾರೆ. ಎಂದೂ ನೋಡಿರದವರ ಅನುಭವವನ್ನು ‘ಕಾಣುವುದು’ ಎಂಬ ಪದದಲ್ಲಿ ಹಿಡಿಯಬೇಕೇ ಎಂಬುದೇ ಬೇರೆ ಪ್ರಶ್ನೆ. ಎದುರಿಗೆ ಏನಿದೆ, ಎಲ್ಲಿದೆ, ಎಷ್ಟು ದೊಡ್ಡದು ಎಂದು ಅವರು ಹೇಳಬಲ್ಲರು. ಅದನ್ನು ಬೇರೊಂದು ಹೆಸರಿನಿಂದ ಕರೆಯಲು ಅವರು ಬಯಸಿದರೆ ಆ ಹಕ್ಕು ಅವರದು.

ಬಾಕ್-ಇ-ರೀಟಾ ಗಮನಿಸಿದ ಒಂದು ವಿಷಯ ಇಲ್ಲಿ ಹೇಳಲೇಬೇಕು. ಬೆನ್ನಿನ ಫಲಕದ ಮೂಲಕ ಮೊದಲ ಬಾರಿ ತಮ್ಮವರ ಮುಖವನ್ನು ಗ್ರಹಿಸಿದ ಕೆಲವರಿಗೆ ನಿರಾಶೆಯಾಯಿತು. ಮುಖ ತಿಳಿಯಿತು, ಅದರೊಂದಿಗೆ ಬರಬೇಕಿದ್ದ ಭಾವನೆ ಬರಲಿಲ್ಲ. ಮುಖ ನೋಡಿದ ಕೂಡಲೇ ಮನಸ್ಸು ಅರಳುವುದು ಬಾಲ್ಯದಿಂದ ವರ್ಷಗಟ್ಟಲೆ ಆ ಮುಖದೊಂದಿಗೆ ಬದುಕಿದ್ದರ ಫಲ. ಹತ್ತಾರು ಗಂಟೆಗಳ ತರಬೇತಿ ಅದನ್ನು ಕೊಡಲಾರದು. ಅದೇ ಭಾವ ಅವರಿಗೆ ಧ್ವನಿಯಲ್ಲಿ, ಹೆಜ್ಜೆಯ ಸದ್ದಿನಲ್ಲಿ, ಕೈಯ ಸ್ಪರ್ಶದಲ್ಲಿ ಮೊದಲಿನಿಂದಲೂ ಇತ್ತು.

ಅಂಧರ ಕಿವಿ ಎಲ್ಲರಿಗಿಂತ ಚುರುಕು ಎಂಬುದು ನಿಜವೇ?

ಕಿವಿ ಎಂಬ ಅಂಗ ಎಲ್ಲರದೂ ಒಂದೇ. ಅತಿ ಸಣ್ಣ ಸದ್ದು ಅವರಿಗೆ ಉಳಿದವರಿಗಿಂತ ಹೆಚ್ಚಾಗಿ ಕೇಳುತ್ತದೆ ಎಂದೇನಿಲ್ಲ. ಕೇಳಿದ್ದನ್ನು ಮಿದುಳು ಬಳಸಿಕೊಳ್ಳುವ ರೀತಿಯಲ್ಲಿ ವ್ಯತ್ಯಾಸವಿದೆ. ಒಂದು ಕಿವಿ ಮುಚ್ಚಿದಾಗಲೂ ಸದ್ದು ಬಂದ ದಿಕ್ಕನ್ನು ಎಳವೆಯಿಂದ ಅಂಧರಾದ ಕೆಲವರು ಕಣ್ಣು ಕಾಣುವವರಿಗಿಂತ ಸರಿಯಾಗಿ ಹೇಳಿದರು ಎಂದು 1998ರಲ್ಲಿಯೂ, ಸ್ವರದ ಏರಿಳಿತವನ್ನು ಅವರು ಹೆಚ್ಚು ಸೂಕ್ಷ್ಮವಾಗಿ ಗುರುತಿಸುತ್ತಾರೆ ಎಂದು 2004ರಲ್ಲಿಯೂ ವರದಿಯಾಗಿದೆ. ತಡವಾಗಿ ದೃಷ್ಟಿ ಕಳೆದುಕೊಂಡವರಲ್ಲಿ ಸ್ವರದ ಆ ಸೂಕ್ಷ್ಮತೆ ಕಂಡುಬರಲಿಲ್ಲ.

ನಾಲಿಗೆಯಿಂದ ಟಕ್ ಎಂದು ಸದ್ದು ಮಾಡಿ ದಾರಿ ಕಂಡುಕೊಳ್ಳುವುದು ಇದಕ್ಕೆ ಸೇರುತ್ತದೆಯೇ?

ಸೇರುತ್ತದೆ, ಮತ್ತು ಇದಕ್ಕೆ ಉಪಕರಣವೇ ಬೇಡ. ಗೋಡೆಯ ಹತ್ತಿರ ಬಂದಾಗ ಮುಖದ ಚರ್ಮಕ್ಕೇ ಅದು ತಿಳಿಯುತ್ತದೆ ಎಂದು ಅನೇಕ ಅಂಧರು ನಂಬಿದ್ದರು. 1944ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗಗಳು, ಮುಖ ಮುಚ್ಚಿದರೂ ಈ ಶಕ್ತಿ ಉಳಿಯುತ್ತದೆ, ಕಿವಿ ಮುಚ್ಚಿದರೆ ಹೋಗುತ್ತದೆ ಎಂದು ತೋರಿಸಿ, ಅದು ಪ್ರತಿಧ್ವನಿಯ ಕೆಲಸವೆಂದು ಸ್ಥಾಪಿಸಿದವು. ಇದರಲ್ಲಿ ನುರಿತ ಇಬ್ಬರು ಅಂಧರನ್ನು ಲೋರ್ ಥೇಲರ್ ಮತ್ತು ಸಂಗಡಿಗರು ಸ್ಕ್ಯಾನ್ ಮಾಡಿ 2011ರಲ್ಲಿ ವರದಿ ಕೊಟ್ಟರು. ಪ್ರತಿಧ್ವನಿ ಇರುವ ಧ್ವನಿಮುದ್ರಣಕ್ಕೂ ಇಲ್ಲದ್ದಕ್ಕೂ ಹೋಲಿಸಿದಾಗ ವ್ಯತ್ಯಾಸ ಕಂಡದ್ದು ಕಿವಿಯ ಪ್ರದೇಶದಲ್ಲಿ ಅಲ್ಲ, ದೃಷ್ಟಿ ಪ್ರದೇಶದಲ್ಲಿ.

ಇದು ಕೆಲವೇ ಅಸಾಮಾನ್ಯರ ಸ್ವತ್ತಲ್ಲ. ಥೇಲರ್ ತಂಡದ 2021ರ ಅಧ್ಯಯನದಲ್ಲಿ 21ರಿಂದ 79 ವರ್ಷದವರೆಗಿನ ಅಂಧರೂ ಕಣ್ಣು ಕಾಣುವವರೂ ಹತ್ತು ವಾರಗಳ ತರಬೇತಿಯಲ್ಲಿ ಇದನ್ನು ಕಲಿತರು. ವಯಸ್ಸು ದೊಡ್ಡ ಅಡ್ಡಿಯಾಗಲಿಲ್ಲ.

ಇಷ್ಟೆಲ್ಲ ಸಾಧ್ಯವಿದ್ದರೂ ಈ ಉಪಕರಣಗಳು ಏಕೆ ಎಲ್ಲೆಡೆ ಬಳಕೆಗೆ ಬಂದಿಲ್ಲ?

ಅಂಧರು ಕಲಿಯಲಾರರು ಎಂಬುದು ಕಾರಣವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಸುಮಾರು 10 ಲಕ್ಷ ತಂತುಗಳಿವೆ. ಅದರ ಮಾಹಿತಿಯನ್ನು ನಾಲಿಗೆಯ ಮೇಲಿನ 400 ಚುಕ್ಕಿಗಳಿಗೆ ಇಳಿಸಿದಾಗ ಬಹುಪಾಲು ಸೋರಿಹೋಗುತ್ತದೆ. ಖಾಲಿ ಮೇಜಿನ ಮೇಲಿನ ಒಂದು ಲೋಟ ಸುಲಭ. ಸಾಮಾನು ತುಂಬಿದ ಕೋಣೆಯ ಚಿತ್ರ ಗೊಂದಲದ ಮುದ್ದೆ. ಎರಡನೆಯದಾಗಿ, ಅಂಧರಿಗೆ ಕಿವಿ ಬಿಡುವಾಗಿರುವ ಇಂದ್ರಿಯವಲ್ಲ. ವಾಹನ, ಮಾತು, ಪ್ರತಿಧ್ವನಿ ಎಲ್ಲವೂ ಅಲ್ಲಿಂದಲೇ ಬರುವಾಗ ಅದರ ಮೇಲೆ ಇನ್ನೊಂದು ಸದ್ದಿನ ಹೊರೆ ಹೇರಿದರೆ ಇದ್ದ ಸುರಕ್ಷತೆಯೂ ಕುಂದುತ್ತದೆ. ನಾಲಿಗೆಯ ಮೇಲೆ ಫಲಕವಿದ್ದರೆ ಮಾತಾಡುವುದು, ತಿನ್ನುವುದು ಕಷ್ಟ.

ನನಗೆ ಬೇಸರ ತರಿಸುವ ಇನ್ನೊಂದು ಕಾರಣವಿದೆ: ಇಂಥ ಅನೇಕ ಉಪಕರಣಗಳು ಕಣ್ಣು ಕಾಣುವವರಿಗೆ ಮುಖ್ಯವೆನಿಸಿದ್ದನ್ನು ಕೊಡಲು ಹೊರಟವು. ಬಳಸುವವರು ಕೇಳುವುದು ಹೆಚ್ಚಾಗಿ ಸಣ್ಣ, ಖಚಿತ ನೆರವನ್ನು. ಬಾಗಿಲು ಎಲ್ಲಿದೆ, ತಲೆಗೆ ತಾಗುವ ಕೊಂಬೆ ಇದೆಯೇ, ಈ ಫಲಕದಲ್ಲಿ ಏನು ಬರೆದಿದೆ. ಇಂಥ ಎಷ್ಟೋ ಪ್ರಶ್ನೆಗಳಿಗೆ ಇಂದು ಮೊಬೈಲ್ ಫೋನ್ ಮಾತಿನಲ್ಲೇ ಉತ್ತರ ಕೊಡುತ್ತದೆ. ಕೋಲು ನೆಲವನ್ನು ಕುರಿತು ಹೇಳುವಷ್ಟನ್ನು, ಅಷ್ಟು ಬೇಗ, ಬ್ಯಾಟರಿ ಇಲ್ಲದೆ ಹೇಳುವ ಇನ್ನೊಂದು ಸಾಧನ ಬಂದಿಲ್ಲ.

ಸ್ಪರ್ಶ ಮತ್ತು ಧ್ವನಿ ದೃಷ್ಟಿ ಪ್ರದೇಶವನ್ನು ‘ಆಕ್ರಮಿಸಿಕೊಂಡರೆ’ ಮುಂದೆ ಚಿಕಿತ್ಸೆಯಿಂದ ದೃಷ್ಟಿ ಮರಳಿದಾಗ ತೊಂದರೆಯಾಗುವುದಿಲ್ಲವೇ?

ಮಗುವಿಗೆ ಬ್ರೈಲ್ ಕಲಿಸಲು ಹಿಂಜರಿಯುವ ತಂದೆತಾಯಿ ಕೇಳುವ ಪ್ರಶ್ನೆ ಇದು. ಅವರ ಆತಂಕ ಅರ್ಥವಾಗುವಂಥದ್ದು. ಎಂದೋ ಬರಬಹುದಾದ ಚಿಕಿತ್ಸೆಗಾಗಿ ಇಂದಿನ ಓದನ್ನು ಮಗುವಿಗೆ ತಪ್ಪಿಸುವುದು ತಪ್ಪು ಎಂದು ನಾನು ದೃಢವಾಗಿ ನಂಬುತ್ತೇನೆ. ಎಳವೆಯಲ್ಲಿ ದೃಷ್ಟಿ ಸಿಗದೆ ಹೋದರೆ ನೋಟದ ಸೂಕ್ಷ್ಮತೆ ಪೂರ್ತಿಯಾಗಿ ಬೆಳೆಯದು ಎಂಬುದು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸಲ್ ಅವರು ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗಗಳ ಕಾಲದಿಂದ ತಿಳಿದಿದೆ. ಆ ಮಿತಿ ಬೆಳಕು ಸಿಗದಿದ್ದರಿಂದ ಬಂದದ್ದು, ಪುಸ್ತಕ ಓದಿದ್ದರಿಂದ ಬಂದದ್ದಲ್ಲ. ಚಿಕಿತ್ಸೆಯಿಂದ ಸರಿಪಡಿಸಬಹುದಾದ ಪೊರೆ ಇದ್ದರೆ ಎಷ್ಟು ಬೇಗ ಶಸ್ತ್ರಚಿಕಿತ್ಸೆಯಾದರೆ ಅಷ್ಟು ಒಳ್ಳೆಯದು.

ತಡವಾಗಿ ದೃಷ್ಟಿ ಬಂದವರ ಬಗ್ಗೆ ಹೆಚ್ಚು ಕಲಿಸಿಕೊಟ್ಟದ್ದು ಭಾರತದಲ್ಲಿ ನರವಿಜ್ಞಾನಿ ಪವನ್ ಸಿನ್ಹಾ ಆರಂಭಿಸಿದ ಪ್ರಾಜೆಕ್ಟ್ ಪ್ರಕಾಶ್, ಅಂದರೆ ದೃಷ್ಟಿ ಇಲ್ಲದ ಮಕ್ಕಳಿಗೆ ಚಿಕಿತ್ಸೆ ಕೊಡಿಸಿ ಅವರು ನೋಡಲು ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ಯೋಜನೆ. ಮುಟ್ಟಿ ಮಾತ್ರ ತಿಳಿದಿದ್ದ ಘನ ಮತ್ತು ಗೋಳವನ್ನು, ಹುಟ್ಟು ಅಂಧನೊಬ್ಬ ದೃಷ್ಟಿ ಬಂದ ಕೂಡಲೇ ನೋಡಿಯೇ ಬೇರ್ಪಡಿಸಬಲ್ಲನೇ ಎಂದು 1688ರಲ್ಲಿ ವಿಲಿಯಂ ಮಾಲಿನೊ, ತತ್ವಜ್ಞಾನಿ ಜಾನ್ ಲಾಕ್‌ಗೆ ಪ್ರಶ್ನೆ ಕಳಿಸಿದ್ದ. ಮೂರು ಶತಮಾನಗಳ ನಂತರ, 8ರಿಂದ 17 ವರ್ಷದ ಐವರು ಮಕ್ಕಳನ್ನು ಶಸ್ತ್ರಚಿಕಿತ್ಸೆಯಾದ ಕೂಡಲೇ ಪರೀಕ್ಷಿಸಿ 2011ರಲ್ಲಿ ಇದಕ್ಕೆ ಉತ್ತರ ಕೊಡಲಾಯಿತು. ಮುಟ್ಟಿದ ಆಕಾರವನ್ನು ಮತ್ತೆ ಮುಟ್ಟಿ, ನೋಡಿದ ಆಕಾರವನ್ನು ಮತ್ತೆ ನೋಡಿ ಅವರು ಸರಿಯಾಗಿಯೇ ಗುರುತಿಸಿದರು. ಮುಟ್ಟಿದ್ದನ್ನು ನೋಡಿ ಗುರುತಿಸುವುದು ಮಾತ್ರ ಮೊದಲ ದಿನ ಅವರಿಂದಾಗಲಿಲ್ಲ. ವಿಶೇಷ ತರಬೇತಿಯೇನೂ ಇಲ್ಲದೆ, ದಿನನಿತ್ಯದ ವಸ್ತುಗಳನ್ನು ಮುಟ್ಟುತ್ತ ನೋಡುತ್ತ ಇದ್ದವರನ್ನು ಕೆಲವು ದಿನಗಳ ನಂತರ ಮತ್ತೆ ಪರೀಕ್ಷಿಸಿದಾಗ, ಅದೂ ಗಮನಾರ್ಹವಾಗಿ ಸುಧಾರಿಸಿತ್ತು.